ಪಟ್ಟಿಯ ತಳದಲ್ಲಿ ಇಬ್ಬರು ದೊಡ್ಡಣ್ಣಂದಿರು: ಯಾಂಕೀಸ್ ಮತ್ತು ರೆಡ್ ಸಾಕ್ಸ್ ಒಟ್ಟಿಗೇ ಕುಸಿದದ್ದು ಹೇಗೆ

ಅಮೆರಿಕದ ಬೇಸ್‌ಬಾಲ್‌ನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ 1966ರ ಪಟ್ಟಿಯ ಕೊನೆಯ ಎರಡು ಸಾಲು ಹೀಗಿದ್ದವು. ಒಂಬತ್ತನೇ ಸ್ಥಾನ: ಬಾಸ್ಟನ್ ರೆಡ್ ಸಾಕ್ಸ್, 72 ಗೆಲುವು, 90 ಸೋಲು. ಹತ್ತನೇ ಸ್ಥಾನ: ನ್ಯೂಯಾರ್ಕ್ ಯಾಂಕೀಸ್, 70 ಗೆಲುವು, 89 ಸೋಲು. ಲೀಗ್‌ನಲ್ಲಿ ಇದ್ದದ್ದೇ ಹತ್ತು ತಂಡ. ಎರಡೇ ವರ್ಷ ಹಿಂದೆ ಯಾಂಕೀಸ್ ಸತತ ಐದನೇ ಬಾರಿ ಲೀಗ್ ಗೆದ್ದು, ಎರಡೂ ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಏಳನೇ ಪಂದ್ಯದವರೆಗೂ ಹೋರಾಡಿತ್ತು.

57 ವರ್ಷಗಳ ನಂತರ ಅದೇ ಜೋಡಿ ಮತ್ತೆ ತಳ ಸೇರಿತು. 2023ರ ಅಮೆರಿಕನ್ ಲೀಗ್ ಪೂರ್ವ ವಿಭಾಗದ ಐದು ತಂಡಗಳಲ್ಲಿ ಯಾಂಕೀಸ್ ನಾಲ್ಕನೆಯದು (82-80), ರೆಡ್ ಸಾಕ್ಸ್ ಐದನೆಯದು (78-84). ತಮಾಷೆ ನೋಡಿ, ಎರಡೂ ಸಲ ಪಟ್ಟಿಯ ಮೇಲೆ ಕೂತದ್ದು ಬಾಲ್ಟಿಮೋರ್ ಓರಿಯೋಲ್ಸ್.

ಬೇಸ್‌ಬಾಲ್‌ನ ಈ ಎರಡು ತಂಡಗಳ ವೈರ ಎಂಥದ್ದೆಂದು ಕ್ರಿಕೆಟ್ ನೋಡುವವರಿಗೆ ಹೇಳಬೇಕಾದರೆ 2022ರ ಐಪಿಎಲ್ ನೆನಪಿಸಿಕೊಂಡರೆ ಸಾಕು. ಆ ವರ್ಷ ಚೆನ್ನೈ ಒಂಬತ್ತನೆಯದು, ಮುಂಬೈ ಹತ್ತನೆಯದು. ಎರಡಕ್ಕೂ 14 ಪಂದ್ಯಗಳಲ್ಲಿ ನಾಲ್ಕೇ ಗೆಲುವು. ಅವೆರಡನ್ನು ಬೇರೆ ಮಾಡಿದ್ದು ನೆಟ್ ರನ್ ರೇಟ್. ಬೇಸ್‌ಬಾಲ್‌ನಲ್ಲಿ ನೆಟ್ ರನ್ ರೇಟೂ ಇಲ್ಲ, ಅಂಕವೂ ಇಲ್ಲ. ಹಾಗಾಗಿ ಮೊದಲು ಪಟ್ಟಿ ಓದುವುದನ್ನು ಕಲಿಯಬೇಕು.

ಅರ್ಧ ಪಂದ್ಯ ಹಿಂದೆ ಅಂದರೇನು

ಪ್ರತಿ ತಂಡ ಒಂದು ಸೀಸನ್‌ಗೆ 162 ಪಂದ್ಯ ಆಡುತ್ತದೆ. ಸ್ಥಾನ ತೀರ್ಮಾನವಾಗುವುದು ಗೆಲುವಿನ ಪ್ರಮಾಣದಿಂದ, ಅಂದರೆ ಗೆಲುವನ್ನು ಒಟ್ಟು ಪಂದ್ಯಗಳಿಂದ ಭಾಗಿಸಿದರೆ ಬರುವ ಸಂಖ್ಯೆಯಿಂದ. ಪಕ್ಕದಲ್ಲಿ 'ಗೇಮ್ಸ್ ಬಿಹೈಂಡ್' ಅಂತ ಇನ್ನೊಂದು ಕಾಲಂ ಇರುತ್ತದೆ. ಮುಂದಿರುವ ತಂಡಕ್ಕಿಂತ ಎಷ್ಟು ಪಂದ್ಯ ಹಿಂದಿದ್ದೀರಿ ಎಂಬ ಲೆಕ್ಕ ಅದು. ಗೆಲುವುಗಳ ವ್ಯತ್ಯಾಸಕ್ಕೆ ಸೋಲುಗಳ ವ್ಯತ್ಯಾಸ ಕೂಡಿಸಿ (ಮುಂದಿರುವ ತಂಡಕ್ಕೇ ಸೋಲೂ ಹೆಚ್ಚಿದ್ದರೆ ಕಳೆದು), ಎರಡರಿಂದ ಭಾಗಿಸಬೇಕು.

1966ರ ಕೊನೆಯ ಎರಡು ಸಾಲಿಗೇ ಇದನ್ನು ಹಾಕಿ ನೋಡೋಣ. ಬಾಸ್ಟನ್‌ಗೆ ಎರಡು ಗೆಲುವು ಹೆಚ್ಚು, ಜೊತೆಗೆ ಒಂದು ಸೋಲೂ ಹೆಚ್ಚು. ಎರಡರಲ್ಲಿ ಒಂದು ಕಳೆದರೆ ಒಂದು, ಅದರ ಅರ್ಧ 0.5. ಯಾಂಕೀಸ್ ಕಟ್ಟಕಡೆಗೆ ಇಳಿದದ್ದು ಬರೀ ಅರ್ಧ ಪಂದ್ಯದ ಅಂತರದಲ್ಲಿ. ಅರ್ಧ ಎಲ್ಲಿಂದ ಬಂತೆಂದರೆ, ಬಾಸ್ಟನ್ 162 ಪಂದ್ಯಗಳ ಫಲಿತಾಂಶ ಕಂಡಿತ್ತು, ಯಾಂಕೀಸ್ 159ರದ್ದು ಮಾತ್ರ. ಬಾಕಿ ಮೂರರಿಂದ ಪ್ರಶಸ್ತಿಯ ಲೆಕ್ಕ ಬದಲಾಗುವಂತಿರಲಿಲ್ಲ, ಹಾಗಾಗಿ ಅವು ಹಾಗೇ ಉಳಿದವು. ಆ ಮೂರನ್ನೂ ಆಡಿ ಗೆದ್ದಿದ್ದರೆ 73-89 ಆಗಿ ಬಾಸ್ಟನ್ನೇ ತಳಕ್ಕೆ ಹೋಗುತ್ತಿತ್ತು.

ಇನ್ನೊಂದು ವಿಷಯ. ಬೇಸ್‌ಬಾಲ್‌ನಲ್ಲಿ ದೊಡ್ಡ ತಂಡವೂ ಸಾಮಾನ್ಯವಾಗಿ ಹತ್ತರಲ್ಲಿ ಮೂರ್ನಾಲ್ಕು ಸೋಲುತ್ತದೆ, ಬಡಪಾಯಿ ತಂಡವೂ ಸಾಮಾನ್ಯವಾಗಿ ಹತ್ತರಲ್ಲಿ ಮೂರ್ನಾಲ್ಕು ಗೆಲ್ಲುತ್ತದೆ. 162ರಲ್ಲಿ 100 ಗೆದ್ದರೆ ಅದು ಅದ್ಭುತ ವರ್ಷ, ಆದರೂ ಲೆಕ್ಕದಲ್ಲಿ ಶೇ. 62 ಅಷ್ಟೆ. ಹಾಗಾಗಿ ಮೇಲಿನವರಿಗೂ ತಳದವರಿಗೂ ದಿನನಿತ್ಯದ ಆಟದಲ್ಲಿ ಕಾಣುವ ವ್ಯತ್ಯಾಸ ತೀರಾ ಸಣ್ಣದು. ವಾರಕ್ಕೆ ಒಂದು ಪಂದ್ಯ ಹೆಚ್ಚು ಸೋತರೆ ಆರು ತಿಂಗಳಲ್ಲಿ 25 ಪಂದ್ಯ ಹಿಂದೆ ಬಿದ್ದಿರುತ್ತೀರಿ.

ವಿಭಾಗದ ಕೊನೆ ಬೇರೆ, ಇಡೀ ಲೀಗ್‌ನ ಕೊನೆ ಬೇರೆ ಎನ್ನುವುದನ್ನೂ ಮರೆಯಬಾರದು. 1966ರಲ್ಲಿ ವಿಭಾಗಗಳೇ ಇರಲಿಲ್ಲ, ಅವು ಬಂದದ್ದು 1969ರಲ್ಲಿ. 2023ರ ಬಾಸ್ಟನ್ ತನ್ನ ವಿಭಾಗದಲ್ಲಿ ಕೊನೆಯದಾದರೂ ಅದೇ ವರ್ಷ ಓಕ್ಲೆಂಡ್ 112 ಪಂದ್ಯ ಸೋತಿತ್ತು. ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆಗೆ ಡ್ರಾಫ್ಟ್ ಎನ್ನುತ್ತಾರೆ, ಕೆಳಗಿದ್ದವರಿಗೆ ಅಲ್ಲಿ ಮುಂಚಿನ ಸರದಿ; ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ಬಾಸ್ಟನ್‌ಗೆ ಸಿಕ್ಕಿದ್ದು 12ನೇ ಆಯ್ಕೆ. ಪೂರ್ವ ವಿಭಾಗ ಆ ವರ್ಷ ಅಷ್ಟು ಬಿಗಿಯಾಗಿತ್ತು: ಓರಿಯೋಲ್ಸ್ 101, ಟ್ಯಾಂಪಾ ಬೇ ರೇಸ್ 99, ಟೊರೊಂಟೊ 89 ಗೆಲುವು. ಯಾಂಕೀಸ್ ಸೋತದ್ದಕ್ಕಿಂತ ಎರಡು ಹೆಚ್ಚೇ ಗೆದ್ದಿದ್ದರೂ ನಾಲ್ಕನೆಯದಾಯಿತು, ಮೊದಲ ಸ್ಥಾನಕ್ಕಿಂತ 19 ಪಂದ್ಯ ಹಿಂದೆ.

ಗೆಲ್ಲುತ್ತಿದ್ದಾಗಲೇ ಹಿಡಿದ ಗೆದ್ದಲು

1966ರ ಯಾಂಕೀಸ್ ಕುಸಿತಕ್ಕೆ ಮ್ಯಾನೇಜರ್ ತಲೆದಂಡವಾಯಿತು. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಮೈದಾನದ ತೀರ್ಮಾನಗಳನ್ನೆಲ್ಲ ತೆಗೆದುಕೊಳ್ಳುವ ಮುಖ್ಯ ಕೋಚ್. 1964ರ ವರ್ಲ್ಡ್ ಸೀರೀಸ್ ಸೋತ ಕೂಡಲೇ ಯಾಂಕೀಸ್ ತನ್ನ ಮ್ಯಾನೇಜರ್ ಯೋಗಿ ಬೆರಾರನ್ನು ಕಳಿಸಿ, ತನ್ನನ್ನು ಸೋಲಿಸಿದ ಸೇಂಟ್ ಲೂಯಿಸ್ ತಂಡದ ಜಾನಿ ಕೀನ್‌ರನ್ನೇ ಕರೆತಂದಿತು. 1966ರ ಮೊದಲ 20 ಪಂದ್ಯಗಳಲ್ಲಿ 16 ಸೋತಾಗ ಕೀನ್ ಕೂಡ ಹೋದರು. ಬದಲಿಗೆ ಬಂದ ರಾಲ್ಫ್ ಹೌಕ್ ಉಳಿದದ್ದರಲ್ಲಿ 66 ಗೆದ್ದು 73 ಸೋತರು. ಮ್ಯಾನೇಜರ್ ಬದಲಾದರೂ ರೋಗ ಹಾಗೇ ಇತ್ತು.

ರೋಗ ಹಳೆಯದು. ಡ್ರಾಫ್ಟ್ ಇಲ್ಲದ ಕಾಲದಲ್ಲಿ ಯಾವ ಹದಿಹರೆಯದ ಹುಡುಗ ಯಾವ ತಂಡಕ್ಕೆ ಸಹಿ ಹಾಕಬೇಕೆಂಬುದು ಹಣ ಮತ್ತು ಹೆಸರಿನ ಮೇಲೆ ನಿಂತಿತ್ತು. ಯಾಂಕೀಸ್‌ಗೆ ಎರಡೂ ಇದ್ದವು. ಜೊತೆಗೆ 1950ರ ದಶಕದ ಉತ್ತರಾರ್ಧದಲ್ಲಿ ಕಾನ್ಸಾಸ್ ಸಿಟಿ ತಂಡದಿಂದ ಒಳ್ಳೆಯ ಆಟಗಾರರು ಸಾಲುಸಾಲಾಗಿ ನ್ಯೂಯಾರ್ಕ್‌ಗೆ ಬರುತ್ತಿದ್ದರು. ರೋಜರ್ ಮ್ಯಾರಿಸ್ ಬಂದದ್ದೂ ಹಾಗೆಯೇ, 1959ರ ಡಿಸೆಂಬರ್‌ನಲ್ಲಿ. ಕಾನ್ಸಾಸ್ ಸಿಟಿಯ ಮಾಲೀಕರು ಬದಲಾದ ಮೇಲೆ ಆ ಬಾಗಿಲು ಮುಚ್ಚಿತು. 1965ರಲ್ಲಿ ಡ್ರಾಫ್ಟ್ ಬಂತು: ಹಿಂದಿನ ವರ್ಷ ಕೆಳಗಿದ್ದ ತಂಡಕ್ಕೆ ಮೊದಲ ಆಯ್ಕೆ. ಇನ್ನೊಂದು ಬಾಗಿಲೂ ಮುಚ್ಚಿತು. ತಂಡದ ಶೇ. 80 ಪಾಲನ್ನು 1 ಕೋಟಿ 12 ಲಕ್ಷ ಡಾಲರ್‌ಗೆ ಸಿಬಿಎಸ್ ಟೆಲಿವಿಷನ್ ಕಂಪನಿ ಕೊಂಡದ್ದು 1964ರಲ್ಲಿ, ಅಂದರೆ ಹೊರಗೆ ಹೊಳಪು ಇನ್ನೂ ಮಾಸದಿದ್ದ ಹೊತ್ತಿಗೆ.

ಮೂರನೆಯದು ವರ್ಣಭೇದ, ಇದನ್ನು ಮೃದುವಾಗಿ ಹೇಳಬೇಕಾದ ಅಗತ್ಯವಿಲ್ಲ. ಜಾಕಿ ರಾಬಿನ್ಸನ್ 1947ರಲ್ಲಿ ಬ್ರೂಕ್ಲಿನ್ ಪರ ಆಡಲು ಇಳಿದಾಗ ಕಪ್ಪು ಆಟಗಾರರಿಗೆ ದಾರಿ ತೆರೆಯಿತು. ಯಾಂಕೀಸ್ ತನ್ನ ಮೊದಲ ಕಪ್ಪು ಆಟಗಾರ ಎಲ್ಸ್ಟನ್ ಹೋವರ್ಡ್‌ರನ್ನು ಕಣಕ್ಕಿಳಿಸಿದ್ದು 1955ರಲ್ಲಿ. ಬಾಸ್ಟನ್ ಇನ್ನೂ ಕಡೆ: 1959ರಲ್ಲಿ ಪಂಪ್ಸಿ ಗ್ರೀನ್ ಬರುವವರೆಗೆ ಕಪ್ಪು ಆಟಗಾರನನ್ನು ಆಡಿಸದೆ ಉಳಿದಿದ್ದ ಏಕೈಕ ಮೇಜರ್ ಲೀಗ್ ತಂಡ ಅದು. ಹನ್ನೆರಡು ವರ್ಷ ದೇಶದ ಅತ್ಯುತ್ತಮ ಆಟಗಾರರಲ್ಲಿ ಒಂದು ದೊಡ್ಡ ಪಾಲನ್ನು ಬೇಡವೆಂದು ಬಿಟ್ಟ ತಂಡ ತಳ ಕಂಡರೆ ಆಶ್ಚರ್ಯ ಏನಿದೆ? ಬಾಸ್ಟನ್‌ಗೆ 1966 ಸತತ ಎಂಟನೇ ಸೋಲಿನ ವರ್ಷ. ಆ ಕಾಲದ ರೆಡ್ ಸಾಕ್ಸನ್ನು ದೊಡ್ಡ ಹೆಸರಿನ ತಂಡ ಎನ್ನಬಹುದು, ಬಲಿಷ್ಠ ತಂಡ ಎನ್ನಲಾಗದು.

ಜನ ಬರುವುದನ್ನೇ ನಿಲ್ಲಿಸಿದರು. 1966ರ ಸೆಪ್ಟೆಂಬರ್ 22ರಂದು, 65 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಯಾಂಕಿ ಸ್ಟೇಡಿಯಂನಲ್ಲಿ ಪಂದ್ಯ ನೋಡಲು ಬಂದವರು 413 ಮಂದಿ. ವೀಕ್ಷಕ ವಿವರಣೆಗಾರ ರೆಡ್ ಬಾರ್ಬರ್ ಖಾಲಿ ಕುರ್ಚಿಗಳನ್ನು ಕ್ಯಾಮೆರಾದಲ್ಲಿ ತೋರಿಸಿ ಎಂದು ಕೇಳಿದರು. ತೋರಿಸಲಿಲ್ಲ. ಕೆಲವೇ ದಿನಗಳಲ್ಲಿ ಬಾರ್ಬರ್ ಕೆಲಸ ಹೋಯಿತು.

ದುಡ್ಡಿದ್ದೂ ಸೋಲುವ ಲೆಕ್ಕ

2023ರಲ್ಲಿ ದುಡ್ಡಿನ ಕೊರತೆ ಇರಲಿಲ್ಲ. ಓರಿಯೋಲ್ಸ್ ಸಂಬಳದ ಪಟ್ಟಿ ಯಾಂಕೀಸ್‌ನದರ ಕಾಲು ಭಾಗವೂ ಇರಲಿಲ್ಲ. ಇದು ಹೇಗೆ ಸಾಧ್ಯ ಎಂದು ತಿಳಿಯಲು ಆಟಗಾರನ ಸಂಬಳದ ಏಣಿ ನೋಡಬೇಕು.

ಮೇಜರ್ ಲೀಗ್‌ಗೆ ಬಂದ ಹೊಸಬನಿಗೆ ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು. 2023ರಲ್ಲಿ ಅದು 7.2 ಲಕ್ಷ ಡಾಲರ್. ಮುಂದಿನ ಮೂರು ವರ್ಷ ಮಧ್ಯಸ್ಥಿಕೆಯ ಮೂಲಕ ಏರಿಕೆ. ಆರು ವರ್ಷ ತುಂಬಿದ ಮೇಲಷ್ಟೇ ಆತ ಸ್ವತಂತ್ರ, ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಹಾಗೆಂದರೆ 23ರಿಂದ 29ರವರೆಗಿನ ಚುರುಕಿನ ವಯಸ್ಸು ಅಗ್ಗದಲ್ಲಿ ಸಿಗುತ್ತದೆ, ಮೂವತ್ತು ದಾಟಿದ ವರ್ಷಗಳಿಗೆ ದುಬಾರಿ ಬೆಲೆ. ತನ್ನದೇ ಹುಡುಗರನ್ನು ಬೆಳೆಸದೆ ಮುಕ್ತ ಮಾರುಕಟ್ಟೆಗೆ ಹೋಗುವ ತಂಡ ಕೊಳ್ಳುವುದು ಇಳಿವಯಸ್ಸನ್ನು. ಮಾವಿನ ಸೀಸನ್ ಮುಗಿಯುವ ಹೊತ್ತಿಗೆ ಮಾರುಕಟ್ಟೆಗೆ ಹೋದಂತೆ. ದರ ಮಾತ್ರ ಮೊದಲ ಕೊಯ್ಲಿನದು. ಓರಿಯೋಲ್ಸ್ 2018ರಿಂದ 2021ರವರೆಗೆ ಮೂರು ಪೂರ್ಣ ಸೀಸನ್‌ಗಳಲ್ಲಿ ನೂರಕ್ಕಿಂತ ಹೆಚ್ಚು ಸೋತು, ಡ್ರಾಫ್ಟ್‌ನ ಮೇಲಿನ ಆಯ್ಕೆಗಳಿಂದ ಆಡ್ಲಿ ರಚ್‌ಮನ್‌ರಂಥವರನ್ನು ಪಡೆದಿತ್ತು. 2023ರಲ್ಲಿ ಆ ಬೆಳೆ ಕೈಗೆ ಬಂತು.

ಇದರ ಮೇಲೆ ಲಕ್ಷುರಿ ಟ್ಯಾಕ್ಸ್. 2023ರಲ್ಲಿ ಸಂಬಳದ ಒಟ್ಟು ಮೊತ್ತ 23.3 ಕೋಟಿ ಡಾಲರ್ ದಾಟಿದರೆ ಹೆಚ್ಚುವರಿಯ ಮೇಲೆ ತೆರಿಗೆ: ಮೊದಲ ಸಲ ಶೇ. 20, ಸತತ ಎರಡನೇ ವರ್ಷ ಶೇ. 30, ಮೂರನೇ ವರ್ಷದಿಂದ ಶೇ. 50. ಇನ್ನೂ ಮೇಲೆ ಹೋದಂತೆಲ್ಲ ಮೇಲುತೆರಿಗೆ. ಮಿತಿಯನ್ನು 4 ಕೋಟಿ ಮೀರಿದರೆ ಡ್ರಾಫ್ಟ್‌ನ ಮೊದಲ ಆಯ್ಕೆ ಹತ್ತು ಸ್ಥಾನ ಕೆಳಗೆ. ಲೆಕ್ಕ ಹಿಡಿಯುವುದು ಆ ವರ್ಷ ಕೊಟ್ಟ ಸಂಬಳವನ್ನಲ್ಲ, ಒಪ್ಪಂದದ ವಾರ್ಷಿಕ ಸರಾಸರಿಯನ್ನು. ತಂಡಗಳು ಎಡವುವುದು ಇಲ್ಲೇ.

ಡಿ.ಜೆ. ಲೆಮಾಹ್ಯೂ ಪ್ರಕರಣ ಹತ್ತಿರದಿಂದ ನೋಡಿ. 2020ರಲ್ಲಿ .364 ಸರಾಸರಿಯೊಂದಿಗೆ (ಬ್ಯಾಟಿಂಗ್ ಅವಕಾಶಗಳಲ್ಲಿ ಯಶಸ್ವಿ ಹೊಡೆತಗಳ ಪಾಲು) ಲೀಗ್‌ನ ಅಗ್ರ ಬ್ಯಾಟರ್ ಆದವರು. 2021ರ ಆರಂಭದಲ್ಲಿ, 32ನೇ ವಯಸ್ಸಿನಲ್ಲಿ, ಯಾಂಕೀಸ್ ಆರು ವರ್ಷಕ್ಕೆ 9 ಕೋಟಿ ಡಾಲರ್ ಕೊಟ್ಟಿತು. ನಾಲ್ಕು ವರ್ಷಕ್ಕೆ ಅಷ್ಟೇ ಹಣ ಕೊಟ್ಟಿದ್ದರೆ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ 2.25 ಕೋಟಿ, ಆರು ವರ್ಷಕ್ಕೆ ಎಳೆದಿದ್ದರಿಂದ 1.5 ಕೋಟಿ. ವರ್ಷಕ್ಕೆ 75 ಲಕ್ಷ ಡಾಲರ್ ಜಾಗ ಉಳಿಯಿತು. ಪ್ರತಿಯಾಗಿ 36, 37, 38ರ ವಯಸ್ಸಿನ ಲೆಮಾಹ್ಯೂ ಕೂಡ ಕೊರಳಿಗೆ ಬಿದ್ದರು. 2023ರಲ್ಲಿ ಸರಾಸರಿ .243ಕ್ಕೆ ಇಳಿಯಿತು. 2025ರ ಜುಲೈನಲ್ಲಿ ಒಂದೂವರೆ ವರ್ಷದ ಸಂಬಳ ಬಾಕಿ ಇದ್ದಾಗಲೇ ಯಾಂಕೀಸ್ ಅವರನ್ನು ಕೈಬಿಟ್ಟಿತು.

ಬಾಸ್ಟನ್ ಕಥೆಯೂ ಇದೇ ಜಾಡಿನದು. 2018ರಲ್ಲಿ 108 ಪಂದ್ಯ ಗೆದ್ದು ಚಾಂಪಿಯನ್ ಆದ ಖುಷಿಯಲ್ಲಿ, 2019ರ ಮಾರ್ಚ್‌ನಲ್ಲಿ ಪಿಚರ್ (ಚೆಂಡೆಸೆಯುವವ) ಕ್ರಿಸ್ ಸೇಲ್ ಜೊತೆ ಐದು ವರ್ಷಕ್ಕೆ 14.5 ಕೋಟಿ ಡಾಲರ್ ಒಪ್ಪಂದ. ಅದು ಜಾರಿಯಾದ 2020ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ, ಒಂದೂ ಪಂದ್ಯವಿಲ್ಲ. 2021ರಲ್ಲಿ ಒಂಬತ್ತು ಸಲ ಮೊದಲ ಪಿಚರ್ ಆಗಿ ಪಂದ್ಯ ಆರಂಭಿಸಿದರು. 2022ರಲ್ಲಿ ಎರಡೇ ಸಲ: ಯಾಂಕೀಸ್ ಬ್ಯಾಟರ್ ಹೊಡೆದ ಚೆಂಡು ಕಿರುಬೆರಳು ಮುರಿಯಿತು, ಆಮೇಲೆ ಸೈಕಲ್‌ನಿಂದ ಬಿದ್ದು ಮಣಿಕಟ್ಟು ಮುರಿಯಿತು. 2023ರಲ್ಲಿ 20. ನಾಲ್ಕು ಸೀಸನ್‌ಗೆ ಒಟ್ಟು 31. ಪೂರ್ಣ ಆರೋಗ್ಯದ ಪಿಚರ್ ಒಂದೇ ವರ್ಷದಲ್ಲಿ ಅಷ್ಟು ಮಾಡುತ್ತಾನೆ. ಬಾಸ್ಟನ್ ಕೊನೆಗೂ ಅವರನ್ನು ಅಟ್ಲಾಂಟಾಕ್ಕೆ ಕೊಟ್ಟಿತು. ಅಲ್ಲಿ 2024ರಲ್ಲಿ 18 ಗೆಲುವಿನೊಂದಿಗೆ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು!

2022ರಲ್ಲಿ ರೆಡ್ ಸಾಕ್ಸ್ ಮಾಡಿದ್ದು ಇನ್ನೂ ವಿಚಿತ್ರ. ಕೊನೆಯ ಸ್ಥಾನಕ್ಕೂ ಇಳಿಯಿತು, ತೆರಿಗೆ ಮಿತಿಯನ್ನೂ ಸ್ವಲ್ಪ ದಾಟಿತು. ಆ ಚಳಿಗಾಲದಲ್ಲಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಜಾಂಡರ್ ಬೋಗಾರ್ಟ್ಸ್ 28 ಕೋಟಿ ಡಾಲರ್‌ಗೆ ಸ್ಯಾನ್ ಡಿಯಾಗೊ ಸೇರಿದಾಗ ಪರಿಹಾರವಾಗಿ ಬರಬೇಕಿದ್ದ ಡ್ರಾಫ್ಟ್ ಆಯ್ಕೆ, ಮಿತಿ ದಾಟಿದ ಕಾರಣಕ್ಕೆ ನಾಲ್ಕನೇ ಸುತ್ತಿನ ನಂತರಕ್ಕೆ ತಳ್ಳಲ್ಪಟ್ಟಿತು. ಅವರ ಜಾಗ ತುಂಬಬೇಕಿದ್ದ ಟ್ರೆವರ್ ಸ್ಟೋರಿ ಮೊಣಕೈ ಶಸ್ತ್ರಚಿಕಿತ್ಸೆಯಿಂದ ಮರಳಿದ್ದು 2023ರ ಆಗಸ್ಟ್‌ಗೆ. ಒಳಮೈದಾನದಲ್ಲಿ (ಇನ್‌ಫೀಲ್ಡ್) ಅತಿ ಹೆಚ್ಚು ಚೆಂಡು ಬರುವ ಜಾಗ ನಾಲ್ಕು ತಿಂಗಳು ಬದಲಿಗಳ ಕೈಯಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ತಂಡದ ಬೇಸ್‌ಬಾಲ್ ಮುಖ್ಯಸ್ಥ ಚೈಮ್ ಬ್ಲೂಮ್ ಅವರನ್ನು ತೆಗೆದರು.

ಒಂದು ಕಾಲ್ಬೆರಳು

ಯಾಂಕೀಸ್ ಮುರಿದು ಬಿದ್ದ ದಿನವನ್ನು ಬೆರಳಿಟ್ಟು ತೋರಿಸಬಹುದು: 2023ರ ಜೂನ್ 3. ಹಿಂದಿನ ವರ್ಷ 62 ಹೋಮ್ ರನ್ ಬಾರಿಸಿದ್ದ ಏರನ್ ಜಡ್ಜ್ ಲಾಸ್ ಏಂಜಲೀಸ್‌ನಲ್ಲಿ ಓಡುತ್ತ ಕ್ಯಾಚ್ ಹಿಡಿದು ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್‌ನ ಗೇಟಿಗೆ ಅಪ್ಪಳಿಸಿದರು. ಬಲಗಾಲಿನ ಹೆಬ್ಬೆರಳಿನ ಲಿಗಮೆಂಟ್ ಹರಿಯಿತು. ಬ್ಯಾಟರ್ ತಿರುಗಿ ಹೊಡೆಯುವಾಗ ಹಿಂಗಾಲಿನಿಂದ ನೆಲ ಒತ್ತಿ ಬಲ ತೆಗೆಯುತ್ತಾನೆ. ಬಲಗೈ ಬ್ಯಾಟರ್‌ಗೆ ಆ ಒತ್ತಡ ಬೀಳುವುದು ಇದೇ ಬೆರಳಿನ ಮೇಲೆ. 42 ಪಂದ್ಯ ಹೊರಗೆ ಕೂತರು.

ಒಬ್ಬ ಹೋದರೆ ಇಡೀ ತಂಡ ಕುಸಿಯಬೇಕೇ? ಬದಲಿ ಇಲ್ಲದಿದ್ದರೆ ಹೌದು. ಹೊರಮೈದಾನದಲ್ಲಿ (ಔಟ್‌ಫೀಲ್ಡ್) ಜೇಕ್ ಬಾವರ್ಸ್, ಬಿಲ್ಲಿ ಮೆಕಿನ್ನಿಯಂಥವರು ಆಡಬೇಕಾಯಿತು. ತಂಡದ ಇನ್ನೊಬ್ಬ ಬ್ಯಾಟರ್ ಆಂಟನಿ ರಿಜೊಗೆ ಮೇ 28ರಂದು ಬೇಸ್ ಬಳಿ ಓಟಗಾರನ ಸೊಂಟ ತಲೆಗೆ ಬಡಿದಿತ್ತು. ಆ ದಿನದ ತಪಾಸಣೆಯಲ್ಲಿ ಪಾಸಾದರು, ಆಟ ಮುಂದುವರಿಸಿದರು. ಅಲ್ಲಿಯವರೆಗೆ .304 ಇದ್ದ ಸರಾಸರಿ ನಂತರದ ಎರಡು ತಿಂಗಳಲ್ಲಿ .172. ಮಿದುಳಿನ ಪೆಟ್ಟು ಇನ್ನೂ ಮಾಗಿಲ್ಲ, ಪ್ರತಿಕ್ರಿಯೆ ನಿಧಾನವಾಗಿದೆ ಎಂದು ಗೊತ್ತಾದದ್ದು ಆಗಸ್ಟ್‌ನಲ್ಲಿ. ಜಾನ್‌ಕಾರ್ಲೊ ಸ್ಟಾಂಟನ್ ಸರಾಸರಿ .191. ತಂಡದ ಒಟ್ಟು ಸರಾಸರಿ .227, ಅದಕ್ಕಿಂತ ಕೆಳಗಿದ್ದದ್ದು ಓಕ್ಲೆಂಡ್ ಮಾತ್ರ. ಜುಲೈನಲ್ಲಿ ಬ್ಯಾಟಿಂಗ್ ಕೋಚ್‌ನ ಕೆಲಸ ಹೋಯಿತು. ಆಗಸ್ಟ್‌ನಲ್ಲಿ ಸತತ ಒಂಬತ್ತು ಸೋಲು, 1982ರ ನಂತರ ಮೊದಲ ಬಾರಿ. ಅದರಲ್ಲಿ ಮೂರು ಸ್ವಂತ ಮೈದಾನದಲ್ಲಿ ಬಾಸ್ಟನ್ ಕೈಯಲ್ಲಿ. ವರ್ಷದ 13 ಮುಖಾಮುಖಿಗಳಲ್ಲಿ ಬಾಸ್ಟನ್ ಒಂಬತ್ತು ಗೆದ್ದಿತು. ಆದರೂ ಕೊನೆಯಲ್ಲಿ ಕೆಳಗಿದ್ದದ್ದು ಬಾಸ್ಟನ್ನೇ.

ಸ್ಥಾನ ನೋಡಬೇಡಿ, ರನ್ ನೋಡಿ

ಹೀಗೇಕೆ ಎಂಬುದಕ್ಕೆ ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಕೊಟ್ಟ ಒಂದು ಸರಳ ಸೂತ್ರವಿದೆ. ಗಳಿಸಿದ ರನ್‌ಗಳ ವರ್ಗ ತೆಗೆಯಿರಿ, ಬಿಟ್ಟುಕೊಟ್ಟ ರನ್‌ಗಳ ವರ್ಗ ತೆಗೆಯಿರಿ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ, ಪಂದ್ಯಗಳ ಸಂಖ್ಯೆಯಿಂದ ಗುಣಿಸಿ. ಆ ತಂಡ 'ಗೆಲ್ಲಬೇಕಿದ್ದ' ಪಂದ್ಯಗಳು ಬರುತ್ತವೆ.

2023ರ ಬಾಸ್ಟನ್: 772 ಗಳಿಸಿ 776 ಬಿಟ್ಟುಕೊಟ್ಟಿತು. ಸೂತ್ರದ ಪ್ರಕಾರ ಸುಮಾರು 81 ಗೆಲುವು, ಬಂದದ್ದು 78. ಯಾಂಕೀಸ್: 673 ಗಳಿಸಿ 698 ಬಿಟ್ಟುಕೊಟ್ಟಿತು. ಸೂತ್ರದ ಪ್ರಕಾರ 78, ಬಂದದ್ದು 82. ಮೇಲಿದ್ದ ತಂಡವೇ ನಿಜವಾಗಿ ದುರ್ಬಲ. ಅದನ್ನು ಎತ್ತಿ ಹಿಡಿದದ್ದು ಕೊನೆಯ ಇನ್ನಿಂಗ್‌ಗಳಲ್ಲಿ ಬರುವ ಬುಲ್‌ಪೆನ್ ಪಿಚರ್‌ಗಳು. ಸೋಲುವಾಗ ದೊಡ್ಡದಾಗಿ ಸೋತು, ಗೆಲ್ಲುವಾಗ ಸಣ್ಣ ಮುನ್ನಡೆಯನ್ನು ಬಿಗಿಯಾಗಿ ಕಾಯ್ದುಕೊಂಡರು.

1966ರ ಯಾಂಕೀಸ್ ಲೆಕ್ಕ ಇದಕ್ಕೆ ತದ್ವಿರುದ್ಧ, ಬೆರಗು ಹುಟ್ಟಿಸುವಂಥದ್ದು. ಗಳಿಸಿದ್ದು 611, ಕೊಟ್ಟದ್ದು 612. ವರ್ಷಪೂರ್ತಿ ಆಡಿ ಒಂದೇ ರನ್ ಹಿಂದೆ! ಸೂತ್ರ ಹೇಳುವುದು 79 ಗೆಲುವು, ಬಂದದ್ದು 70. ಒಂಬತ್ತು ಪಂದ್ಯ ಸೋರಿದ್ದು ಒಂದೇ ರನ್ ಅಂತರದ ಪಂದ್ಯಗಳಲ್ಲಿ: 15 ಗೆಲುವು, 38 ಸೋಲು. ಉಳಿದ ಪಂದ್ಯಗಳಲ್ಲಿ 55-51, ಅಂದರೆ ಗೆಲುವೇ ಹೆಚ್ಚು. ಒಂದು ರನ್ ಅಂತರದ ಪಂದ್ಯಗಳು ಬಹುಮಟ್ಟಿಗೆ ನಾಣ್ಯ ಚಿಮ್ಮಿದ ಹಾಗೆ, ಸಾಮಾನ್ಯವಾಗಿ ಅರ್ಧಂಬರ್ಧ. ಅದೇ ವರ್ಷ ಬಾಸ್ಟನ್ 70ಕ್ಕೂ ಹೆಚ್ಚು ರನ್ ಹಿಂದಿತ್ತು. ಸೂತ್ರವೂ 72 ಗೆಲುವು ಎಂದಿತು, ಬಂದದ್ದೂ 72. ಬಾಸ್ಟನ್ ತನ್ನ ಯೋಗ್ಯತೆಗೆ ತಕ್ಕಂತೆ ಒಂಬತ್ತನೆಯದು. ಯಾಂಕೀಸ್ ದುರದೃಷ್ಟದಿಂದ ಹತ್ತನೆಯದು.

ಹಾಗಾದರೆ 1967ರಲ್ಲಿ ಚೇತರಿಸಿಕೊಳ್ಳಬೇಕಾದದ್ದು ಯಾಂಕೀಸ್ ತಾನೇ?

ಸೂತ್ರಕ್ಕೆ ವಯಸ್ಸು ಕಾಣುವುದಿಲ್ಲ. 1966ರಲ್ಲಿ ಯಾಂಕೀಸ್‌ನ ಮಿಕಿ ಮ್ಯಾಂಟಲ್‌ಗೆ 34, ಕಾಲುಗಳು ಸವೆದಿದ್ದವು. ಪಿಚರ್ ವೈಟಿ ಫೋರ್ಡ್‌ಗೆ 37, ಹೋವರ್ಡ್‌ಗೂ 37. ಬಾಸ್ಟನ್‌ನ ಕಾರ್ಲ್ ಯಸ್ಟ್ರೆಮ್ಸ್ಕಿ 26 ದಾಟಿ 27ಕ್ಕೆ ಕಾಲಿಟ್ಟವರು, ಪಿಚರ್ ಜಿಮ್ ಲಾನ್‌ಬೋರ್ಗ್‌ಗೆ 24, ರಿಕೊ ಪೆಟ್ರೊಸೆಲಿಗೆ 23, ಜಾರ್ಜ್ ಸ್ಕಾಟ್‌ಗೆ 22, ಟೋನಿ ಕೊನಿಗ್ಲಿಯಾರೊಗೆ 21. ರನ್ ಅಂತರ ಈ ವರ್ಷದ ಆರೋಗ್ಯ ಹೇಳುತ್ತದೆ, ಬರುವ ವರ್ಷದ್ದನ್ನು ತಿಳಿಯಲು ಜನ್ಮದಿನಾಂಕಗಳ ಪಟ್ಟಿ ನೋಡಬೇಕು. ಸೀಸನ್ ಶುರುವಾಗಿ ಎರಡು ತಿಂಗಳಿಗೆ ದೊಡ್ಡ ತಂಡವೊಂದು ತಳದಲ್ಲಿ ಕಂಡರೆ ನೋಡಬೇಕಾದ ಕ್ರಮವೂ ಇದೇ: ಮೊದಲು ರನ್ ಅಂತರ, ಆಮೇಲೆ ಒಂದು ರನ್ ಪಂದ್ಯಗಳ ದಾಖಲೆ, ನಂತರ ಗಾಯಾಳುಗಳ ಪಟ್ಟಿಯಲ್ಲಿ ಯಾರಿದ್ದಾರೆ, ಕಡೆಗೆ ಮೂವತ್ತೆರಡು ದಾಟಿದವರು ಎಷ್ಟು ಮಂದಿ, ಅವರ ಒಪ್ಪಂದ ಇನ್ನೆಷ್ಟು ವರ್ಷ. ಮೊದಲ ಮೂರು ಕಾರಣಕ್ಕೆ ಕೆಳಗಿದ್ದರೆ ತಂಡ ಬೇಗ ಏಳುತ್ತದೆ. ಜಡ್ಜ್ ಕಾಲ್ಬೆರಳು ವಾಸಿಯಾಗಿ, ಬ್ಯಾಟರ್ ಹುವಾನ್ ಸೊಟೊ ಬಂದು ಸೇರಿದ 2024ರಲ್ಲಿ ಯಾಂಕೀಸ್ 94 ಗೆದ್ದು ವರ್ಲ್ಡ್ ಸೀರೀಸ್‌ಗೇ ಹೋಯಿತು. ನಾಲ್ಕನೆಯ ಕಾರಣವಾದರೆ ವರ್ಷಗಳು ಹಿಡಿಯುತ್ತವೆ.

1967ರಲ್ಲಿ ಹೊಸ ಮ್ಯಾನೇಜರ್ ಡಿಕ್ ವಿಲಿಯಮ್ಸ್ ಕೈಕೆಳಗೆ ಬಾಸ್ಟನ್ 92 ಪಂದ್ಯ ಗೆದ್ದು ಲೀಗ್ ಚಾಂಪಿಯನ್ ಆಯಿತು. ಯಾಂಕೀಸ್ ಒಂಬತ್ತನೆಯದು, 72-90, ಹಿಂದಿನ ವರ್ಷ ಬಾಸ್ಟನ್ ಇದ್ದ ಅದೇ ಸ್ಥಾನ, ಅದೇ ದಾಖಲೆ. ಮ್ಯಾರಿಸ್‌ರನ್ನು ಅದು ಸೇಂಟ್ ಲೂಯಿಸ್‌ಗೆ ಕೊಟ್ಟಿತ್ತು, ಹೋವರ್ಡ್‌ರನ್ನು ಆಗಸ್ಟ್‌ನಲ್ಲಿ ಬಾಸ್ಟನ್‌ಗೆ. ಅಕ್ಟೋಬರ್‌ನಲ್ಲಿ ಆ ಎರಡು ತಂಡಗಳೇ ವರ್ಲ್ಡ್ ಸೀರೀಸ್‌ನಲ್ಲಿ ಎದುರಾದವು. ಹೋವರ್ಡ್ ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುತ್ತಿದ್ದರು, ಮ್ಯಾರಿಸ್ ಅವರ ಮುಂದೆ ನಿಂತು .385ರ ಸರಾಸರಿಯಲ್ಲಿ ಹೊಡೆಯುತ್ತಿದ್ದರು. ಸೇಂಟ್ ಲೂಯಿಸ್ ಏಳನೇ ಪಂದ್ಯದಲ್ಲಿ ಗೆದ್ದಿತು. ಯಾಂಕೀಸ್ ಮತ್ತೆ ಲೀಗ್ ಗೆದ್ದದ್ದು 1976ರಲ್ಲಿ.